ಮಕ್ಕಳ ಪಾದ ನೋಡಿದ್ದೀರಾ?

(ಸ್ವಸಹಾಯ ಸಂಘಗಳ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸ)



ಇವತ್ತು ಮನೆಗೆ ಹೋದ ಮೇಲೆ ಮಕ್ಕಳ ಕಾಲು ಒದ್ದೆ ಮಾಡಿ ಸಿಮೆಂಟ್ ನೆಲದ ಮೇಲೆ ನಡೆಸಿ ನೋಡಿ. ಹಿಮ್ಮಡಿ ಒಂದು ಕಡೆ, ಮುಂಗಾಲು ಒಂದು ಕಡೆ ಮೂಡಿ, ನಡುವೆ ಗುರುತೇ ಇಲ್ಲ ಅಂದ್ರೆ ಪಾದದ ಕಮಾನು ಎತ್ತರವಾಗಿದೆ ಎಂದರ್ಥ. ಇಷ್ಟಕ್ಕೇ ಹೆದರಬೇಕಾಗಿಲ್ಲ. ಕೆಲವರ ಪಾದ ಹುಟ್ಟಿನಿಂದಲೇ ಹಾಗಿದ್ದು ಏನೂ ತೊಂದರೆ ಕೊಡುವುದಿಲ್ಲ. ಆದರೆ ಮಗು ಬೆಳೆದಂತೆ ಕಮಾನೂ ಏರುತ್ತಿದ್ದರೆ, ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡರೆ, ಪದೇ ಪದೇ ಕಾಲು ಉಳುಕಿದರೆ, ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಹೋಗುತ್ತಿದ್ದರೆ ಸುಮ್ಮನಿರಬಾರದು.

ಮನೆ ಭೇಟಿಗೆ ಹೋದಾಗ "ಇವ್ನು ಸೋಮಾರಿ, ನೆಟ್ಟಗೆ ನಡಿಯೋದೇ ಇಲ್ಲ" ಎಂದು ಗದರುವುದನ್ನು ನಾವು ಕೇಳಿದ್ದೇವೆ. ಪಾಪ, ಆ ಮಗು ಬೇಕೂಂತ ಎಡವುತ್ತಿಲ್ಲ. ಶಾರ್ಕೋ-ಮಾರಿ-ಟೂತ್ ಎಂಬ ನರಗಳ ಕಾಯಿಲೆ ಇರಬಹುದು. 1886ರಲ್ಲಿ ಇದನ್ನು ವಿವರಿಸಿದ ಮೂವರು ವೈದ್ಯರ ಹೆಸರು ಅದು. ಟೂತ್ ಅಂದ್ರೆ ಇಲ್ಲಿ ಹಲ್ಲಲ್ಲ! ಸುಮಾರು 2,500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಕಾಲಿನ ನರಗಳು ದುರ್ಬಲವಾಗಿ ಕೆಲವು ಸ್ನಾಯುಗಳು ಸೊರಗುತ್ತವೆ, ಉಳಿದವು ಎಳೆದು ಪಾದವನ್ನು ಬಿಲ್ಲಿನಂತೆ ಬಾಗಿಸುತ್ತವೆ. ಮುಂದೆ ಅಂಗಿ ಗುಂಡಿ ಹಾಕಲೂ ಕಷ್ಟವಾಗಬಹುದು. ಹೆಚ್ಚಿನ ಕುಟುಂಬಗಳಲ್ಲಿ ತಂದೆ ಅಥವಾ ತಾಯಿ, ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಆ ತಂದೆ ತಾಯಿಗೆ ತಮಗೆ ಇದೆ ಎಂಬುದೇ ಗೊತ್ತಿಲ್ಲದಿರಬಹುದು.

ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ಇನ್ನೊಂದು ಅಪರೂಪದ ಕಾಯಿಲೆಯಲ್ಲೂ ಪಾದ ಹೀಗಾಗುತ್ತದೆ. ತೂರಾಡುವ ನಡಿಗೆ, ತೊದಲು ಮಾತು, ಬೆನ್ನೆಲುಬು ಸೊಟ್ಟಗಾಗುವುದು ಇದರ ಗುರುತು. ಹೃದಯಕ್ಕೂ ಅಪಾಯವಿದೆ. ಇದು ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ಇದನ್ನು ಯೋಚಿಸಲೇಬೇಕು. ಒಂದೇ ಪಾದ ಬದಲಾಗುತ್ತಿದ್ದರೆ ಬೆನ್ನುಹುರಿಯ ತೊಂದರೆ ಇರಬಹುದು, ತಡಮಾಡಬೇಡಿ.

"ಸೊಸೆ ಬಂದ ಮೇಲೆ ಹೀಗಾಯ್ತು", "ಯಾರ ಪಾಪವೋ" ಎಂಬ ಮಾತು ನಮ್ಮವರಲ್ಲೂ ಇದೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದನ್ನೇ ಕೇಳಿದಾಗ ಯೇಸುಸ್ವಾಮಿ ಒಪ್ಪಲಿಲ್ಲ. ನಾವ್ಯಾಕೆ ಒಪ್ಪಬೇಕು?

ನರರೋಗ ತಜ್ಞರಿಗೆ ತೋರಿಸಿ. ನರಗಳ ಪರೀಕ್ಷೆ, ಬೇಕಾದರೆ ರಕ್ತದಿಂದ ವಂಶವಾಹಿ ಪರೀಕ್ಷೆ ಮಾಡುತ್ತಾರೆ. ಶಾರ್ಕೋ-ಮಾರಿ-ಟೂತ್ ಪೂರ್ತಿ ವಾಸಿಯಾಗುವುದಿಲ್ಲ, ನಿಜ. ಆದರೆ ವ್ಯಾಯಾಮ, ಪಾದಕ್ಕೆ ಪಟ್ಟಿ, ಸರಿಯಾದ ಬೂಟು, ಕೆಲವರಿಗೆ ಶಸ್ತ್ರಚಿಕಿತ್ಸೆ, ಇವುಗಳಿಂದ ನಡಿಗೆ ಉಳಿಯುತ್ತದೆ. ಎಣ್ಣೆ ತಿಕ್ಕಿಸಿ ಸಾಲ ಮಾಡಿಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ದೀರ್ಘಕಾಲದ ನರರೋಗಗಳೂ ಸೇರಿವೆ. ಶೇಕಡಾ 40 ನ್ಯೂನತೆ ಇದ್ದರೆ ಪ್ರಮಾಣಪತ್ರದ ಮೇಲೆ ಸೌಲಭ್ಯ ಕೇಳಬಹುದು. ಆಸ್ಪತ್ರೆಗೆ ಮಗುವನ್ನು ಮಾತ್ರ ಕಳಿಸಬೇಡಿ. ಅಪ್ಪ ಅಮ್ಮ ಇಬ್ಬರೂ ಹೋಗಿ, ಚಪ್ಪಲಿ ಬಿಚ್ಚಿ, ನಿಮ್ಮ ಪಾದವನ್ನೂ ಡಾಕ್ಟರಿಗೆ ತೋರಿಸಿ.