ಮನೆಯ ಕಂಪ್ಯೂಟರ್ ಜಾಲ ನಿಧಾನವಾದರೆ



ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಮಗಳ ಮದುವೆಯ ವೀಡಿಯೊ, ತೀರಿಕೊಂಡ ಹಿರಿಯರ ಫೋಟೋಗಳು ಎಲ್ಲ ಸೇರಿ 200 ಗಿಗಾಬೈಟ್ ಇವೆಯೆನ್ನಿ. ಅವನ್ನು ಹೊಸ ಕಂಪ್ಯೂಟರಿಗೆ ನಕಲು ಮಾಡಲು ಹೊರಟರೆ ಐದು ಗಂಟೆ ಬೇಕೆಂದು ಪರದೆ ಹೇಳುತ್ತದೆ. ನೀವು ಬೇಸತ್ತು ನಾಳೆಗೆ ಮುಂದೂಡುತ್ತೀರಿ. ಹಳೆಯ ಹಾರ್ಡ್ ಡಿಸ್ಕ್ ನಾಳೆಯವರೆಗೆ ಕಾಯುತ್ತದೆಂಬ ಭರವಸೆ ಯಾರೂ ಕೊಡಲಾರರು.

ಇಂಥ ವೇಳೆ ಹೆಚ್ಚು ವೇಗದ ಇಂಟರ್‌ನೆಟ್ ಸಂಪರ್ಕಕ್ಕೆ ಹಣ ಕಟ್ಟುವುದರಿಂದ ಪ್ರಯೋಜನವಿಲ್ಲ. ಮನೆಯೊಳಗಿನ ಎರಡು ಕಂಪ್ಯೂಟರುಗಳ ನಡುವಿನ ಕಡತ ರೂಟರ್ ಎಂಬ ಪೆಟ್ಟಿಗೆಯ ಮೂಲಕ ಸಾಗುತ್ತದೆಯೇ ಹೊರತು ಮನೆಯ ಹೊಸ್ತಿಲು ದಾಟುವುದಿಲ್ಲ. ತೊಡಕು ಮನೆಯೊಳಗೇ ಇದೆ.

ಮೊದಲು ಲೆಕ್ಕ ತಿಳಿಯೋಣ. ಜಾಲದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಕಡತ ನಕಲಾಗುವಾಗ ಪರದೆ ಸಾಮಾನ್ಯವಾಗಿ ಬೈಟ್‌ಗಳಲ್ಲಿ ತೋರಿಸುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕದಲ್ಲಿ 12.5 ಮೆಗಾಬೈಟ್‌ಗಿಂತ ಹೆಚ್ಚು ಸಾಗದು. ಕೈಗೆ ಸಿಗುವುದು ಸುಮಾರು 11. 1,000 ಮೆಗಾಬಿಟ್ ಸಂಪರ್ಕದಲ್ಲಿ ಸುಮಾರು 110 ಸಿಗುತ್ತದೆ. ಐದು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯುತ್ತದೆ!

ನಿಮ್ಮ ವೇಗ 11ರಲ್ಲೇ ನಿಂತಿದ್ದರೆ ಕೇಬಲ್ಲನ್ನು ನೋಡಿ. ಅದರೊಳಗೆ ಎಂಟು ತಂತಿಗಳಿರುತ್ತವೆ. 100 ಮೆಗಾಬಿಟ್‌ಗೆ ನಾಲ್ಕು ಸಾಕು. 1,000ಕ್ಕೆ ಎಂಟೂ ಬೇಕು. ಬಾಗಿಲ ಸಂದಿಯಲ್ಲಿ ಒಂದು ತಂತಿ ತುಂಡಾದರೂ ಸಂಪರ್ಕ ಉಳಿಯಬಹುದು, ಆದರೆ ಸದ್ದಿಲ್ಲದೆ 100ಕ್ಕೆ ಇಳಿದಿರುತ್ತದೆ. ರೂಟರಿನ ಕಿಂಡಿಗಳೇ 100ರವು ಆಗಿದ್ದರೆ ಹೊಸ ಕೇಬಲ್ಲಿನಿಂದಲೂ ಲಾಭವಿಲ್ಲ.

ವೈಫೈ ಬಳಸುತ್ತಿದ್ದೀರಾ? ಎರಡೂ ಕಂಪ್ಯೂಟರುಗಳು ನಿಸ್ತಂತುವಾದರೆ ಒಂದೇ ಮಾಹಿತಿ ರೂಟರಿಗೆ ಹೋಗಲು ಒಮ್ಮೆ, ಅಲ್ಲಿಂದ ಬರಲು ಇನ್ನೊಮ್ಮೆ ಗಾಳಿಯಲ್ಲಿ ಸಾಗಬೇಕು. ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಒಂದನ್ನಾದರೂ ಕೇಬಲ್ಲಿಗೆ ಜೋಡಿಸಿ. 2.4 ಗಿಗಾಹರ್ಟ್ಸ್ ತರಂಗವು ಗೋಡೆಯನ್ನು ಚೆನ್ನಾಗಿ ದಾಟುತ್ತದೆ, ಆದರೆ ನೆರೆಮನೆಯ ವೈಫೈ, ಅಡುಗೆಮನೆಯ ಮೈಕ್ರೋವೇವ್ ಒಲೆ ಅದಕ್ಕೆ ಅಡ್ಡ ಬರುತ್ತವೆ. 5 ಗಿಗಾಹರ್ಟ್ಸ್ ವೇಗದ್ದು. ಗೋಡೆಗಳ ಮುಂದೆ ಬೇಗ ಸೋಲುತ್ತದೆ. ರೂಟರ್ ಇರುವ ಕೋಣೆಯಲ್ಲೇ ಅದನ್ನು ಬಳಸಿ.

ಇವೆಲ್ಲ ಸರಿಯಿದ್ದರೆ ಕಡತಗಳನ್ನೇ ಗಮನಿಸಿ. ಸಾವಿರಾರು ಚಿಕ್ಕ ಕಡತಗಳಲ್ಲಿ ಪ್ರತಿಯೊಂದನ್ನೂ ತೆರೆದು ಮುಚ್ಚುವುದಕ್ಕೇ ಹೊತ್ತು ಹೋಗುತ್ತದೆ. ಅವನ್ನು ಒಂದೇ ಕಟ್ಟಾಗಿಸಿ ಕಳಿಸಿ.

ಸ್ಟುಡಿಯೋದಲ್ಲಿ ಧ್ವನಿ ಬರದಿದ್ದರೆ ನಾವು ಮೈಕು, ತಂತಿ, ಮಿಕ್ಸರ್ ಹೀಗೆ ಒಂದೊಂದನ್ನೇ ಬದಲಿಸಿ ನೋಡುತ್ತೇವೆ. ನೀವೂ ಹಾಗೆ ಮಾಡಿ. 1 ಗಿಗಾಬೈಟಿನ ಒಂದೇ ಕಡತವನ್ನು ಪ್ರತಿಸಲ ಕಳಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸಮಯವನ್ನು ಚೀಟಿಯಲ್ಲಿ ಬರೆದಿಡಿ. ಒಂದೂವರೆ ನಿಮಿಷ ಹಿಡಿಯುತ್ತಿದ್ದುದು ಹತ್ತು ಸೆಕೆಂಡಿಗೆ ಇಳಿದಾಗ ದೋಷ ಎಲ್ಲಿತ್ತೆಂದು ನಿಮಗೇ ತಿಳಿಯುತ್ತದೆ. ಆಮೇಲೆ ತಡಮಾಡದೆ ಆ ಫೋಟೋಗಳನ್ನು ನಕಲು ಮಾಡಿಬಿಡಿ.