ಸುರಕ್ಷತೆಯ ಭರವಸೆಗೆ ಜಾಮೀನು ಯಾರು?



ಮಾರಲು ಒಂದು ಸರಕೂ ಇಲ್ಲದ ಅಂಗಡಿಗೆ 3,200 ಕೋಟಿ ಡಾಲರ್ ಬೆಲೆ ಎಂದರೆ ನಮ್ಮ ಪೇಟೆಯ ವ್ಯಾಪಾರಿಗಳು ನಕ್ಕಾರು. ಆದರೆ 2025ರ ಏಪ್ರಿಲ್‌ನಲ್ಲಿ ಹೂಡಿಕೆದಾರರು ಅಮೆರಿಕದ 'ಸೇಫ್ ಸೂಪರ್‌ಇಂಟೆಲಿಜೆನ್ಸ್' ಕಂಪೆನಿಗೆ ಕಟ್ಟಿದ ಬೆಲೆ ಅದುವೇ. ಆಗ ಅದಕ್ಕೆ ವರ್ಷವೂ ತುಂಬಿರಲಿಲ್ಲ. 2024ರ ಜೂನ್‌ನಲ್ಲಿ ಇಲ್ಯಾ ಸುಟ್‌ಸ್ಕೆವರ್ ಇಬ್ಬರು ಸಂಗಡಿಗರೊಂದಿಗೆ ಅದನ್ನು ಸ್ಥಾಪಿಸಿದ್ದರು. ಮನುಷ್ಯನನ್ನು ಮೀರಿಸುವ, ಆದರೆ ಮನುಷ್ಯನಿಗೆ ಕೇಡು ತರದ ಯಂತ್ರಬುದ್ಧಿಯನ್ನು ನಿರ್ಮಿಸುವುದು, ಅಲ್ಲಿಯ ವರೆಗೆ ಬೇರಾವ ಉತ್ಪನ್ನದ ಗೊಡವೆಗೂ ಹೋಗದಿರುವುದು ಅವರ ಘೋಷಿತ ಗುರಿ.

ಇದನ್ನು ಬರಿಯ ವ್ಯಾಪಾರತಂತ್ರವೆಂದು ತಳ್ಳಿಹಾಕಿದರೆ ನ್ಯಾಯವಾಗದು. 2012ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಗುರು ಜೆಫ್ರಿ ಹಿಂಟನ್ ಮತ್ತು ಅಲೆಕ್ಸ್ ಕ್ರಿಜೆವ್‌ಸ್ಕಿಯವರ ಜೊತೆ ಚಿತ್ರ ಗುರುತಿಸುವ ಯಂತ್ರವ್ಯವಸ್ಥೆಯೊಂದನ್ನು ರೂಪಿಸಿದವರು ಈ ಸುಟ್‌ಸ್ಕೆವರ್. ಬೆಕ್ಕೆಂದರೇನು ಎಂದು ಅದಕ್ಕೆ ಯಾರೂ ನಿಯಮ ಬರೆದುಕೊಡಲಿಲ್ಲ. ಲಕ್ಷಾಂತರ ಚಿತ್ರಗಳಿಂದ ಅದು ತಾನೇ ಕಲಿಯಿತು. ಇಂದಿನ ಚಾಟ್‌ಜಿಪಿಟಿಯ ಬುನಾದಿಯೂ ಇದೇ ಬಗೆಯ ಕಲಿಕೆ. ನಿಯಮವನ್ನೇ ಬರೆಯದಿದ್ದಾಗ ಓದಿ ತಿದ್ದುವುದಾದರೂ ಏನನ್ನು? ಸಮಸ್ಯೆಯ ಬೇರು ಇಲ್ಲಿದೆ. ತಾವು ಹೇಳುವ ಸುರಕ್ಷತೆ ಅಣುಸ್ಥಾವರದ ಸುರಕ್ಷತೆಯಂಥದ್ದು ಎಂದು ಸುಟ್‌ಸ್ಕೆವರ್ ವಿವರಿಸಿದ್ದಾರೆ.

ಹೋಲಿಕೆ ಒಳ್ಳೆಯದೇ. ಆದರೆ ಅಣುಸ್ಥಾವರಕ್ಕೆ ಪರವಾನಿಗೆ ಕೊಡುವವನು ಅದರ ಮಾಲಕನಲ್ಲ. ಈ ಯಂತ್ರಗಳಿಗೆ ಪರವಾನಿಗೆ ಕೊಡುವ ಸಂಸ್ಥೆ ಅಮೆರಿಕದಲ್ಲಿಲ್ಲ. ಕ್ಯಾಲಿಫೋರ್ನಿಯ ರಾಜ್ಯ 2025ರಲ್ಲಿ ತಂದ ಕಾನೂನು ಕೂಡ ದೊಡ್ಡ ಕಂಪೆನಿಗಳಿಂದ ಸುರಕ್ಷತಾ ಯೋಜನೆಯ ಪ್ರಕಟಣೆಯನ್ನೂ ಗಂಭೀರ ಅವಘಡಗಳ ವರದಿಯನ್ನೂ ಕೇಳುತ್ತದೆ, ಪರವಾನಿಗೆಯನ್ನಲ್ಲ.

ಭರವಸೆಯೊಂದೇ ಸಾಲದೇ ಎಂದು ಕೇಳುವವರು ಸುಟ್‌ಸ್ಕೆವರ್ ಅವರ ಹಿಂದಿನ ಮನೆಯನ್ನು ನೋಡಬೇಕು. 2015ರಲ್ಲಿ ಓಪನ್‌ಎಐ ಹುಟ್ಟಿದ್ದು ಲಾಭರಹಿತ ಸಂಸ್ಥೆಯಾಗಿ. ಅವರು ಅದರ ಸಹಸ್ಥಾಪಕರು. ಕಂಪ್ಯೂಟರ್ ಶಕ್ತಿಯ ಶೇ. 20ನ್ನು ಸುರಕ್ಷತೆಯ ಸಂಶೋಧನೆಗೆ ಮೀಸಲಿಡುತ್ತೇವೆಂದು 2023ರ ಜುಲೈಯಲ್ಲಿ ಅದು ಸಾರಿತು. ಆ ತಂಡ 2024ರ ಮೇಯಲ್ಲಿ ವಿಸರ್ಜನೆಗೊಂಡಿತು. ಅದರ ಇಬ್ಬರು ಮುಖ್ಯಸ್ಥರಾಗಿದ್ದ ಸುಟ್‌ಸ್ಕೆವರ್ ಮತ್ತು ಯಾನ್ ಲೈಕೆ ಹೊರನಡೆದಿದ್ದರು. ಥಳಕಿನ ಉತ್ಪನ್ನಗಳ ಮುಂದೆ ಸುರಕ್ಷತೆ ಹಿಂದೆ ಬಿತ್ತು ಎಂದು ಲೈಕೆ ಬಹಿರಂಗವಾಗಿಯೇ ದೂರಿದರು.

ಇದಕ್ಕೂ ಮೊದಲು, 2023ರ ನವೆಂಬರ್‌ನಲ್ಲಿ, ಓಪನ್‌ಎಐ ಆಡಳಿತ ಮಂಡಳಿಯು ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್‌ರನ್ನು ವಜಾಗೊಳಿಸಿತ್ತು. ಆ ಅಧಿಕಾರ ಅದಕ್ಕೆ ಸಂಪೂರ್ಣವಾಗಿ ಇತ್ತು. ಆದರೆ 700ಕ್ಕೂ ಹೆಚ್ಚು ನೌಕರರು ಅವರನ್ನು ಮರಳಿ ಕರೆಯಿರೆಂದು ಸಹಿ ಹಾಕಿದರು, ಕೋಟ್ಯಂತರ ಡಾಲರ್ ಹೂಡಿದ್ದ ಮೈಕ್ರೊಸಾಫ್ಟ್ ನೌಕರಿಯ ಬಾಗಿಲು ತೆರೆದಿಟ್ಟಿತು. ವಜಾಕ್ಕೆ ಮತ ನೀಡಿದ ಸುಟ್‌ಸ್ಕೆವರ್ ಹೆಸರೂ ಸಹಿ ಹಾಕಿದವರಲ್ಲಿತ್ತು! ಮಂಡಳಿಯ ತೀರ್ಮಾನ ಐದು ದಿನ ಬಾಳಿತು.

ಹೊಸ ಕಂಪೆನಿಗೂ ಹಣ ಬಂದಿರುವುದು ಹೂಡಿಕೆದಾರರಿಂದಲೇ. ಮೂವರು ಸ್ಥಾಪಕರಲ್ಲೊಬ್ಬರಾದ ಡೇನಿಯಲ್ ಗ್ರಾಸ್ 2025ರಲ್ಲಿ ಅದನ್ನು ಬಿಟ್ಟು ಮೆಟಾ ಸೇರಿದರು. ಅದೇ ವರ್ಷದ ನವೆಂಬರ್‌ನ ಸಂದರ್ಶನವೊಂದರಲ್ಲಿ ಸುಟ್‌ಸ್ಕೆವರ್, ನೇರವಾಗಿ ಗುರಿ ಮುಟ್ಟುವ ಯೋಜನೆ ಬದಲಾದರೂ ಬದಲಾಗಬಹುದೆಂದರು. ಇಂಥ ಯಂತ್ರವನ್ನು ಜಗತ್ತು ಕಣ್ಣಾರೆ ಕಾಣಬೇಕೆಂಬ ಅವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಯಾವಾಗ, ಎಷ್ಟು ಎಂಬುದನ್ನು ತೀರ್ಮಾನಿಸುವ ಕೋಣೆಯೊಳಗೆ ಅದರ ಪರಿಣಾಮ ಅನುಭವಿಸಬೇಕಾದ ಜನರ ಪರವಾಗಿ ಒಂದು ಕುರ್ಚಿಯೂ ಇಲ್ಲ.