ಬೈಸಿಕಲ್ಲಿನ ಮೇಲೆ ತಿರುಮಣಿಯವರೆಗೆ

ದುರ್ಗವೆಂದೊಡನೆ ನಮ್ಮಲ್ಲಿ ಅನೇಕರಿಗೆ ಚಿತ್ರದುರ್ಗವೊಂದೇ ನೆನಪಾಗುತ್ತದೆ. ತುಮಕೂರಿಗೆ ಉತ್ತರದಲ್ಲಿ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಹರಡಿರುವ ಕೋಟೆಗಳ ಸಾಲನ್ನು ಒಂದೇ ಪ್ರಯಾಣದಲ್ಲಿ ಕಂಡವರು ವಿರಳ. ಇವನ್ನು ನೋಡಲು ದಪ್ಪ ಟೈರಿನ, ಗೇರುಗಳುಳ್ಳ ಬೈಸಿಕಲ್ಲಿನಂಥ ವಾಹನ ಬೇರೊಂದಿಲ್ಲ. ಮೋಟಾರಿನಲ್ಲಿ ಕುಳಿತವನಿಗೆ ಬೆಟ್ಟಗಳು ಓಡಿಹೋಗುತ್ತವೆ. ಸೈಕಲ್ಲು ತುಳಿಯುವವನಿಗೆ ಒಂದು ದುರ್ಗ ಹಿಂದೆ ಸರಿಯುವ ಮೊದಲೇ ಮುಂದಿನದು ದಿಗಂತದಲ್ಲಿ ತಲೆಯೆತ್ತುತ್ತದೆ.

ಇಂಥ ಪ್ರಯಾಣವನ್ನು ನಾವು ಒಮ್ಮೆ ಮಾಡಹೊರಟು ಸೋತಿದ್ದೇವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಅದು ಮಾರ್ಚಿ ತಿಂಗಳು. ಎಷ್ಟು ಕೋಟೆಗಳನ್ನು ಎಷ್ಟು ದಿನಗಳಲ್ಲಿ ಏರಬಹುದೆಂದು ಲೆಕ್ಕ ಹಾಕಿದ್ದೆವು; ನೀರಿನ ಲೆಕ್ಕ ಮಾತ್ರ ಹಾಕಿರಲಿಲ್ಲ. ಮಿಡಿಗೇಶಿಯನ್ನು ದಾಟಿದ ಮೇಲೆ ಜಾಲಿಯ ಮುಳ್ಳು ಎರಡು ಟೈರುಗಳನ್ನು ಚುಚ್ಚಿತು. ತೇಪೆ ಹಾಕಿ ಮುಗಿಸುವಷ್ಟರಲ್ಲಿ ಸೀಸೆಗಳು ಬರಿದಾಗಿ, ಜೊತೆಯ ತರುಣನೊಬ್ಬನು ಬಿಸಿಲಿಗೆ ತಲೆ ಸುತ್ತಿ ಕುಳಿತುಬಿಟ್ಟನು. ಮೇಕೆ ಕಾಯುತ್ತಿದ್ದ ಅಜ್ಜಿಯೊಬ್ಬರು ತಮ್ಮ ಪಾಲಿನ ನೀರನ್ನೇ ಅವನಿಗೆ ಕುಡಿಸಿದರು. “ಕೋಟೆ ಕಟ್ಟಿದೋರೇ ಮೊದ್ಲು ನೀರು ನೋಡಿದ್ರಪ್ಪಾ, ನೋಡೋಕೆ ಬಂದೋರು ನೀವು ನೋಡಬ್ಯಾಡವಾ?” ಎಂದರು. ಅಂದು ಬಸ್ಸಿನಲ್ಲಿ ಹಿಂದಿರುಗಿದೆವು. ಈ ಸಲದ ಯೋಜನೆಗೆ ಆ ಅಜ್ಜಿಯ ಮಾತೇ ತಳಹದಿ.

ಈ ಸೀಮೆಯಲ್ಲಿ ಮಳೆ ಹೆಚ್ಚಾಗಿ ಬೀಳುವುದು ಶ್ರಾವಣದಿಂದ ಆಶ್ವಯುಜದವರೆಗೆ. ಆದಕಾರಣ ಪ್ರಯಾಣಕ್ಕೆ ಮಾರ್ಗಶಿರ, ಪುಷ್ಯ ಮಾಸಗಳೇ ಉಚಿತ. ಐದು ದಿನ, ಒಟ್ಟು ಇನ್ನೂರೈವತ್ತು ಕಿಲೋಮೀಟರಿಗೆ ಹತ್ತಿರ. ಮೊದಲನೆಯ ದಿನ ತುಮಕೂರಿನಿಂದ ಕೊರಟಗೆರೆಗೆ ಹೋಗಿ, ಚನ್ನರಾಯನದುರ್ಗವನ್ನು ನೋಡಿಕೊಂಡು ಮಧುಗಿರಿಯಲ್ಲಿ ತಂಗುವುದು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯ ಸೀಮೆ ಇದು. ತೆಂಗು ಅಡಕೆಗಳ ನೆರಳು ದೊರೆಯುವುದು ಈ ಭಾಗದಲ್ಲಿಯೇ; ಮುಂದೆ ಹೋದಂತೆ ನೆರಳು ಕಡಮೆ.

ಎರಡನೆಯ ದಿನವನ್ನು ಮಧುಗಿರಿಗೇ ಮೀಸಲಿಡಬೇಕು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಈ ಏಕಶಿಲೆಯನ್ನು ದಣಿದ ಕಾಲುಗಳಿಂದ ಏರುವುದು ಅವಿವೇಕ. ಪಾಳೆಯಗಾರರಿಂದ ಇದನ್ನು ಮೈಸೂರಿನವರು 1678ರಲ್ಲಿ ಗೆದ್ದುಕೊಂಡರು. ಕೋಟೆಯನ್ನು ಬಲಪಡಿಸಿದವನು ಹೈದರಾಲಿ. 1763ರಲ್ಲಿ ಬಿದನೂರು ಬಿದ್ದ ಮೇಲೆ ಅಲ್ಲಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟುದು ಇಲ್ಲಿಯೇ. 1767ರಲ್ಲಿ ಮರಾಠರು ಆಕೆಯನ್ನು ಬಿಡಿಸಿದರು. ಮಲೆನಾಡಿನ ಮಳೆಯಲ್ಲಿ ಬಾಳಿದ ಆ ರಾಣಿ ಈ ಬೋಳುಬಂಡೆಯಿಂದ ಬಯಲನ್ನು ನೋಡುತ್ತ ನಾಲ್ಕು ವರ್ಷಗಳನ್ನು ಹೇಗೆ ಕಳೆದಳೋ! ಬಂಡೆಯ ದೊಣೆಗಳಲ್ಲಿ ನಿಂತ ಮಳೆನೀರನ್ನು ಕಂಡಾಗ, ಅಂದಿನ ಕಾವಲುಗಾರರಿಗೆ ಮದ್ದುಗುಂಡಿಗಿಂತ ಮುಖ್ಯವಾದುದು ಯಾವುದೆಂಬುದು ತಿಳಿಯುತ್ತದೆ.

ಮೂರನೆಯ ದಿನ ಮಿಡಿಗೇಶಿಯ ಮಾರ್ಗವಾಗಿ ಪಾವಗಡಕ್ಕೆ, ಸುಮಾರು 60 ಕಿಲೋಮೀಟರು. ಹಿಮ್ಮಡಿ ಮುಟ್ಟುವಷ್ಟು ನೀಳವಾದ ಕೇಶವುಳ್ಳ ರಾಣಿಯಿಂದ ಮಿಡಿಗೇಶಿಗೆ ಆ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಪಾವಗಡ ತಾಲ್ಲೂಕು ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದಿದೆ. ಕನ್ನಡದಲ್ಲಿ ದಾರಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುವುದುಂಟು. ಚೋಳವಂಶದವರೆಂದು ಹೇಳಿಕೊಂಡ ಅರಸರು ಹೊಯ್ಸಳರ ಕಾಲದಲ್ಲಿ ಆಳಿದ ನಿಡುಗಲ್ಲು ಈ ತಾಲ್ಲೂಕಿನಲ್ಲಿಯೇ ಇದೆ. ಇಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಅಧಿಕವಾದ್ದರಿಂದ, ಪಟ್ಟಣದಲ್ಲಿಯೇ ಶುದ್ಧೀಕರಿಸಿದ ನೀರನ್ನು ತುಂಬಿಕೊಂಡು ಹೊರಡಬೇಕು. ನಮಗಿದು ಐದು ದಿನಗಳ ಎಚ್ಚರಿಕೆ. ಹಲ್ಲು ಕಂದಿ ಮೂಳೆ ಬಾಗಿದ ಅಲ್ಲಿಯ ಜನರಿಗೆ ಜನ್ಮದ ಕಷ್ಟ.

ನಾಲ್ಕನೆಯ ದಿನ ತಿರುಮಣಿ. ಕೋಟೆ ನೋಡಹೊರಟವರು ಅಲ್ಲಿಗೇಕೆ ಹೋಗಬೇಕೆಂದು ಕೇಳಬಹುದು. ತಿರುಮಣಿ, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರವಿದ್ಯುತ್ ಕ್ಷೇತ್ರವಿದೆ; ಅದರ ಶಕ್ತಿ 2,050 ಮೆಗಾವಾಟ್. ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎರಡು ವರ್ಷಗಳಿಗೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಮಳೆಯನ್ನು ನಂಬಿ ಕೆಟ್ಟ ಒಡೆಯನಿಗೆ ಇದು ಆಸರೆಯಾಯಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ನೆಲವಿಲ್ಲದವನಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಪಾಳೆಯಗಾರನು ಬೆಟ್ಟವನ್ನು ಆರಿಸಿಕೊಂಡನು. ನಮ್ಮ ಕಾಲವು ಬಿಸಿಲನ್ನು ಆರಿಸಿಕೊಂಡಿದೆ. ಎರಡು ಕಾಲಗಳಲ್ಲಿಯೂ ಗೋಡೆಯ ಹೊರಗೆ ಉಳಿದವರು ಯಾರೆಂದು ಕೇಳದೆ ಬರುವುದು ವಿದ್ಯಾವಂತರಿಗೆ ತಕ್ಕುದಲ್ಲ. ಅಲ್ಲಿ ರಸ್ತೆಯ ಬದಿಯಲ್ಲಿ ಇಳಿದು ಒಂದು ಗಂಟೆ ಮಾತನಾಡಬೇಕೆಂದು ಯೋಜನೆಯಲ್ಲಿಯೇ ಬರೆದಿಟ್ಟಿದ್ದೇವೆ.

ಕಡೆಯ ದಿನ ಶಿರಾ. ಇದು ಬೆಟ್ಟದ ದುರ್ಗವಲ್ಲ, ಕಂದಕವುಳ್ಳ ನೆಲಗೋಟೆ. ಮೊಗಲರ ಸುಬೆಯ ರಾಜಧಾನಿ. 1761ರಲ್ಲಿ ಹೈದರನ ಕೈಸೇರಿತು. ಇಲ್ಲಿಂದ ಹೆದ್ದಾರಿಯಲ್ಲಿ ತುಮಕೂರಿಗೆ ಹಿಂದಿರುಗಬಹುದು. ದಣಿದವರು ಬಸ್ಸನ್ನು ಹಿಡಿದರೂ ನಾಚಬೇಕಾಗಿಲ್ಲ.

ಇನ್ನು ಸಾಮಾನು. ಎರಡು ಟ್ಯೂಬು, ತೇಪೆಯ ಪೆಟ್ಟಿಗೆ, ಗಾಳಿಯ ಪಂಪು, ತಲೆಗೆ ಶಿರಸ್ತ್ರಾಣ, ಕಡಲೆಕಾಯಿ ಬೆಲ್ಲ. ಬೆಳಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ನೆರಳು ಸೇರುವುದು. ತಲೆಗೆ ನಾಲ್ಕು ಲೀಟರು ನೀರು. ಅದರ ಮೇಲೆ ಒಂದು ಸೀಸೆ ಹೆಚ್ಚು. ಅದು ನಮಗಲ್ಲ. ಮಿಡಿಗೇಶಿಯ ಆಚೆ ಆ ಅಜ್ಜಿ ಮತ್ತೆ ಕಂಡರೆ ಹಳೆಯ ಸಾಲವನ್ನು ತೀರಿಸಬೇಕಾಗಿದೆ.